ಹ್ಯಾಮರ್‌ಶೋಲ್ಡ್ ತನಿಖೆ ಮಾಡಿದ ಶಾ ನಮ್ಮವರಲ್ಲ, ನೇಪಾಳದವರು

ಸಂಪಾದಕರಿಗೆ ನಮಸ್ಕಾರ,

ಸೆಪ್ಟೆಂಬರ್ 18ರ ಪೇಪರಲ್ಲಿ 'ಇತಿಹಾಸದಲ್ಲಿ ಈ ದಿನ' ಮೂಲೆ ಓದ್ದೆ. 1961ರಲ್ಲಿ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಡಾಗ್ ಹ್ಯಾಮರ್‌ಶೋಲ್ಡ್ ಆಫ್ರಿಕಾದ ಎನ್‌ಡೋಲಾ ಹತ್ರ ವಿಮಾನ ಬಿದ್ದು ತೀರಿಕೊಂಡಿದ್ದು ಸರಿಯಾಗೇ ಹಾಕಿದೀರಿ, ಆದ್ರೆ ಅದರ ತನಿಖಾ ಆಯೋಗಕ್ಕೆ 'ಭಾರತದ ರಿಷಿಕೇಶ್ ಶಾ' ಅಧ್ಯಕ್ಷರು ಅಂತ ಬರ್ದಿದೀರಲ್ಲ, ಅದು ತಪ್ಪು. ಅವರು ನೇಪಾಳದವರು. ಹೆಸರು ನೋಡಿ ನಮ್ಮವರೇ ಇರಬೇಕು ಅಂದ್ಕೊಂಡಿರ್ತೀರಿ, ಇರ್ಲಿ.

ನಾನು ಪಿಯು ಕಾಲೇಜಲ್ಲಿ ರಾಜ್ಯಶಾಸ್ತ್ರ ಹೇಳಿ ರಿಟೈರ್ ಆದವ. ನೇಪಾಳ ಅಂದ್ರೆ ನಮ್ಮ ಕಡೆಯವರಿಗೆ ಪಶುಪತಿನಾಥ, ಅಲ್ಲಿ ಪೂಜೆ ಮಾಡೋರು ನಮ್ಮ ಕರ್ನಾಟಕದ ಭಟ್ಟರು ಅನ್ನೋ ಒಂದು ಹೆಮ್ಮೆ, ಆಮೇಲೆ ಅಪಾರ್ಟ್‌ಮೆಂಟ್ ಗೇಟಲ್ಲಿರೋ ವಾಚ್‌ಮನ್, ಈಗೀಗ ಮೊಮೊ, ಅಷ್ಟೇ. ನನಗೂ ಅಷ್ಟೇ ಇತ್ತು. ಬೆಂಗಳೂರಿನ ಅವೆನ್ಯೂ ರೋಡಲ್ಲಿ ಹಳೇ ಪುಸ್ತಕದ ರಾಶಿ ಕೆದಕ್ತಾ ಇದ್ದಾಗ ಈ ಶಾ ಅವರು ಬರೆದ ನೇಪಾಳದ ರಾಜಕೀಯ ಇತಿಹಾಸ ಸಿಕ್ತು, 1769ರಿಂದ 1955ರವರೆಗೆ, ಎರಡು ಸಂಪುಟ, ಎರಡನೇದರ ಮೂಲೆ ಗೆದ್ದಲು ತಿಂದಿತ್ತು, ಅಂಗಡಿಯವ ಅದಕ್ಕೇ ಕಮ್ಮಿಗೆ ಕೊಟ್ಟ. ಅಲ್ಲಿಂದ ಈ ಮನುಷ್ಯನ ಹಿಂದೆ ಬಿದ್ದೆ.

ಮೊದಲು ಕಾಠ್ಮಂಡುವಿನ ತ್ರಿಚಂದ್ರ ಕಾಲೇಜಲ್ಲಿ ಮೇಷ್ಟ್ರು. ನೇಪಾಳ ವಿಶ್ವಸಂಸ್ಥೆಗೆ ಸೇರಿದ್ದೇ 1955ರ ಡಿಸೆಂಬರಲ್ಲಿ, ಮರುವರ್ಷ ಅಲ್ಲಿಗೆ ಮೊದಲ ಕಾಯಂ ಪ್ರತಿನಿಧಿಯಾಗಿ ಹೋದವರು ಇವರು, ಅಮೆರಿಕಕ್ಕೆ ರಾಯಭಾರಿನೂ ಇವರೇ. ಕೋಣ ಕೋಣ ಕಾದಾಡಿದ್ರೆ ಗಿಡಕ್ಕೆ ಆಪತ್ತು ಅಂತೀವಲ್ಲ, ಭಾರತ ಚೀನಾ ಮಧ್ಯೆ ಇರೋ ನೇಪಾಳದ್ದು ಅದೇ ಪಾಡು. ಅಲ್ಲಿನ ಹಳೇ ರಾಜ ಪೃಥ್ವಿನಾರಾಯಣ ಶಾ ಇದನ್ನೇ ಎರಡು ಬಂಡೆ ನಡುವಿನ ಗೆಣಸು ಅಂದಿದ್ನಂತೆ. ಅಂಥಾ ದೇಶದವರನ್ನ ಕರೆದು ಹ್ಯಾಮರ್‌ಶೋಲ್ಡ್ ಸಾವಿನ ತನಿಖೆಗೆ ಕೂರಿಸಿದ್ರು ಅಂದ್ರೆ ಸುಮ್ನೆ ಅಲ್ಲ.

ಆ ತನಿಖೆ ಬಗ್ಗೆ ಸ್ವಲ್ಪ ಹೇಳ್ಬೇಕು. ವಿಮಾನದಲ್ಲಿ 16 ಜನ, ಕಾಂಗೋದಿಂದ ಬೇರೆ ಆಗ್ತೀವಿ ಅಂತ ಹೊರಟಿದ್ದ ಕಟಾಂಗಾ ಪ್ರಾಂತ್ಯದ ಜಗಳ ಬಗೆಹರಿಸೋಕೆ ಹೊರಟಿದ್ರು. ಆಗ ಅಲ್ಲಿ ರೊಡೇಷಿಯಾದ ಬಿಳಿಯರ ಆಡಳಿತ, ಅವರ ತನಿಖೆ ಪೈಲಟ್ ತಪ್ಪು ಅಂತ ಮುಗಿಸ್ತು. ಕಾಡಲ್ಲಿ ಇದ್ದಿಲು ಸುಡ್ತಿದ್ದ ಸ್ಥಳೀಯರು ಆಕಾಶದಲ್ಲಿ ಇನ್ನೊಂದು ವಿಮಾನ ಕಂಡ್ವಿ ಅಂದ್ರೂ ಅವರ ಮಾತನ್ನ ಯಾರು ಲೆಕ್ಕಕ್ಕಿಟ್ಟಾರು. ಶಾ ಅವರ ಆಯೋಗ 1962ರಲ್ಲಿ ಕೊಟ್ಟ ವರದಿ ಮಾತ್ರ ಪೈಲಟ್ ತಪ್ಪೂ ಇರಬಹುದು, ಆದ್ರೆ ಯಾರೋ ಬೇಕಂತಲೇ ಮಾಡಿದ್ದು, ಹೊರಗಿನಿಂದ ದಾಳಿ, ಇವನ್ನೂ ತಳ್ಳಿಹಾಕೋಕೆ ಆಗಲ್ಲ ಅಂತು. ಆ ಒಂದು ಬಾಗಿಲು ಪೂರ್ತಿ ಮುಚ್ಚದೇ ಬಿಟ್ಟಿದ್ದಕ್ಕೇ ಅರ್ಧ ಶತಮಾನದ ಮೇಲೂ ವಿಶ್ವಸಂಸ್ಥೆ ಮತ್ತೆ ಆ ಫೈಲ್ ತೆಗೆದಿದ್ದು ಅಂತ ನನ್ನ ಲೆಕ್ಕ.

ಹಾಗಂತ ಅವರನ್ನ ಅಟ್ಟಕ್ಕೇರಿಸೋಕೆ ಹೊರಟಿಲ್ಲ. 1960ರ ಡಿಸೆಂಬರಲ್ಲಿ ರಾಜ ಮಹೇಂದ್ರ, ಜನ ಆರಿಸಿದ ಬಿ.ಪಿ. ಕೊಯಿರಾಲಾ ಸರ್ಕಾರ ಕಿತ್ತು ಅವರನ್ನ ಜೈಲಿಗೆ ಹಾಕಿದ್ರಲ್ಲ, ಆಗ ನಮ್ಮ ಶಾ ರಾಜನ ಪಕ್ಕದಲ್ಲೇ ಇದ್ರು, ಹಣಕಾಸು ಮಂತ್ರಿ, ಸ್ವಲ್ಪ ದಿನ ವಿದೇಶಾಂಗ ಮಂತ್ರಿ, ಅದಕ್ಕಿಂತ ಹೆಚ್ಚಾಗಿ ಪಕ್ಷಗಳೇ ಇಲ್ಲದ ಪಂಚಾಯತ್ ವ್ಯವಸ್ಥೆಗೆ 1962ರ ಸಂವಿಧಾನ ಬರೆದ ಸಮಿತಿಗೆ ಅಧ್ಯಕ್ಷರು! ಓದಿದವರು ಅಧಿಕಾರದ ಹತ್ರ ಹೋದ್ರೆ ಏನಾಗುತ್ತೆ ಅಂತ ಪಾಠ ಮಾಡೋವಾಗ ಈ ಉದಾಹರಣೆ ಗೊತ್ತಿದ್ದಿದ್ರೆ ಚೆನ್ನಾಗಿತ್ತು ಅನ್ಸುತ್ತೆ. ಆದ್ರೆ ತಾನೇ ಹೊಸೆದ ಹಗ್ಗ ಅಂತ ಅದಕ್ಕೇ ಜೋತುಬೀಳ್ಲಿಲ್ಲ ಅವರು, ಕೆಲವೇ ವರ್ಷದಲ್ಲಿ ಈ ವ್ಯವಸ್ಥೆ ಸುಧಾರಿಸ್ಬೇಕು ಅಂತ ಬಾಯಿಬಿಟ್ಟು ಹೇಳೋಕೆ ಶುರು ಮಾಡಿ ಅದೇ ರಾಜನ ಜೈಲು ಸೇರಿದ್ರು, ಆಮೇಲೆ ಅಮೆರಿಕದಲ್ಲಿ ಪಾಠ, ಪುಸ್ತಕ, ಕೊನೆಗೆ 1988ರಲ್ಲಿ ನೇಪಾಳದಲ್ಲಿ ಮಾನವ ಹಕ್ಕು ಸಂಘಟನೆ ಕಟ್ಟಿದ್ರು. ಎರಡೇ ವರ್ಷಕ್ಕೆ ಜನಾಂದೋಲನ ಬಂದು ಪಂಚಾಯತ್ ವ್ಯವಸ್ಥೆ ಹೋಯ್ತು. ಅವರು ತೀರಿಕೊಂಡಿದ್ದು 2002ರಲ್ಲಿ.

ಇನ್ನೊಂದು ಮಾತು. ಕಾಠ್ಮಂಡುವಿನಲ್ಲಿ ಸಾರ್ಕ್, ಅಂದ್ರೆ ದಕ್ಷಿಣ ಏಷ್ಯಾ ದೇಶಗಳ ಕೂಟದ ಕಚೇರಿ ಇದೆಯಲ್ಲ, ಅದರ ಒಪ್ಪಂದಕ್ಕೆ ಸಹಿ ಬಿದ್ದಿದ್ದು 1986ರ ನವೆಂಬರಲ್ಲಿ ನಮ್ಮ ಬೆಂಗಳೂರಲ್ಲಿ, ರಾಜ ಬೀರೇಂದ್ರ ಬಂದಿದ್ರು. ಪಾಕಿಸ್ತಾನಕ್ಕೆ ದಿನಾ ಕಾಲಂಗಟ್ಟಲೆ ಜಾಗ ಕೊಡೋ ನಿಮ್ಮ ಪೇಪರಲ್ಲಿ ನೇಪಾಳ ಕಾಣೋದು ಭೂಕಂಪ ಆದಾಗ, ಇಲ್ಲ ಸರ್ಕಾರ ಬಿದ್ದಾಗ, ಆಗಲೂ 'ಚೀನಾ ಕಡೆ ವಾಲಿತು' ಅಂತ ಒಂದೇ ಹೆಡ್‌ಲೈನ್.

ತಿದ್ದುಪಡಿ ಉದ್ದ ಏನೂ ಬೇಡ, 'ಭಾರತದ' ಅನ್ನೋ ಕಡೆ 'ನೇಪಾಳದ' ಅಂತ ಓದಿಕೊಳ್ಳಿ ಅಂತ ಹಾಕಿದ್ರೆ ಸಾಕು. ಮೂಲೇಲಿ ಬಂದ ತಪ್ಪಿಗೆ ಅದೇ ಮೂಲೇಲೇ ಹಾಕಿ, ಏಳನೇ ಪುಟದಲ್ಲಿ ಟೆಂಡರ್ ಜಾಹೀರಾತಿನ ಕೆಳಗೆ ಬೇಡ.

ಇತಿ,
ನಿಮ್ಮ ಹಳೇ ಓದುಗ, ಹೊನ್ನಾವರ