ಅಲರ್ಜಿ ಸೂಜಿಯ ಕಾರ್ಡಿನಲ್ಲಿ ಇನ್ನು ಮುಂದೆ ಗ್ರೇಡ್

ನಮ್ಮಲ್ಲಿ ಅಲರ್ಜಿ ಸೂಜಿ (ಅಲರ್ಜಿ ತರುವ ವಸ್ತುವನ್ನೇ ಸ್ವಲ್ಪಸ್ವಲ್ಪವಾಗಿ ಕೊಟ್ಟು ಮೈಗೆ ಒಗ್ಗಿಸುವ ಇಂಜೆಕ್ಷನ್) ಹಾಕಿಸಿಕೊಳ್ಳುವ ಎಲ್ಲರಿಗೂ ನಮಸ್ಕಾರ.

ಮುಂದಿನ ಸಲ ಬಂದಾಗ ನಿಮಗೆ ಹೊಸ ಕಾರ್ಡು ಸಿಗುತ್ತದೆ. ಸೂಜಿಯಿಂದ ಮೈಗೆ ಏನಾದರೂ ಆದರೆ ಇಲ್ಲಿಯವರೆಗೆ ‘ಸ್ವಲ್ಪ’, ‘ಜಾಸ್ತಿ’ ಎಂದು ಬರೆಯುತ್ತಿದ್ದೆವು. ಒಬ್ಬ ನರ್ಸಿಗೆ ಸ್ವಲ್ಪ ಅನಿಸಿದ್ದು ಇನ್ನೊಬ್ಬರಿಗೆ ಜಾಸ್ತಿ ಅನಿಸುತ್ತದೆ ಅಲ್ವಾ? ನಾಳೆ ನೀವು ಹೈದರಾಬಾದಿಗೆ ಹೋಗಿ ಸೂಜಿ ಮುಂದುವರಿಸಿದರೆ ಅಲ್ಲಿಯ ಡಾಕ್ಟರಿಗೂ ಅದರಿಂದ ಏನೂ ತಿಳಿಯುವುದಿಲ್ಲ. ಅದಕ್ಕೇ ವಿಶ್ವ ಅಲರ್ಜಿ ಸಂಘಟನೆಯ 1ರಿಂದ 5ರವರೆಗಿನ ಗ್ರೇಡ್ ಬರೆಯುತ್ತೇವೆ. 2010ರಲ್ಲಿ ಬಂದ ಪದ್ಧತಿ ಇದು, 2017ರಲ್ಲಿ ತಿದ್ದಿದ ರೂಪವನ್ನು ಬಳಸುತ್ತೇವೆ.

ಮೈಯೆಲ್ಲ ಪಿತ್ತದ ಗಂಧೆ ಎದ್ದರೆ, ಅಥವಾ ಬರೀ ಸೀನು ಬಂದರೆ 1. ಗಂಧೆಯೂ ಎದ್ದು ಸೀನೂ ಶುರುವಾದರೆ 2. ಎದೆ ಬಿಗಿದು ದಮ್ಮು ಬಂದು ಪಂಪಿಗೆ (ಇನ್ಹೇಲರಿಗೆ) ಇಳಿದರೆ, ಇಲ್ಲವೇ ಹೊಟ್ಟೆ ನುಲಿದು ವಾಂತಿ, ಭೇದಿ ಆದರೆ 3. ಪಂಪಿಗೂ ಬಗ್ಗದ ದಮ್ಮು, ಗಂಟಲು ಊದಿ ಉಸಿರಿನ ಜತೆ ಸದ್ದು ಬರುವುದು 4. ಬಿಪಿ ಕುಸಿದರೆ, ಎಚ್ಚರ ತಪ್ಪಿದರೆ 5. ಚುಚ್ಚಿದ ಜಾಗ ಮಾತ್ರ ಊದಿದ್ದಕ್ಕೆ ಗ್ರೇಡ್ ಇಲ್ಲ, ಆದರೂ ತೋರಿಸಿ.

ಗ್ರೇಡ್ ಬರೆಯುವುದು ಎಲ್ಲ ಇಳಿದ ಮೇಲೆ. ಗಂಧೆಯಿಂದ ಶುರುವಾದದ್ದು ನೋಡನೋಡುತ್ತಲೇ ಗಂಟಲಿಗೆ ಏರಬಹುದು. ಹಾಗಾಗಿ ನಂಬರಿಗೆ ಕಾಯದೆ ಜೋರಾದ ಅಲರ್ಜಿಯನ್ನು ತಡೆಯುವ ತುರ್ತು ಮದ್ದು ಅಡ್ರಿನಲಿನ್ ಅನ್ನು ತೊಡೆಗೆ ಕೊಡುತ್ತೇವೆ. ತೊಂದರೆ ಶುರುವಾದ ಎಷ್ಟು ನಿಮಿಷಕ್ಕೆ ಕೊಟ್ಟೆವು ಎಂಬುದೂ ಕಾರ್ಡಿನಲ್ಲಿರುತ್ತದೆ. ಮುಂದಿನ ಡೋಸ್ ಇಳಿಸಬೇಕೋ, ಸೂಜಿಯನ್ನೇ ನಿಲ್ಲಿಸಬೇಕೋ ಎಂದು ಡಾಕ್ಟರು ಇದನ್ನೆಲ್ಲ ನೋಡಿ ಹೇಳುತ್ತಾರೆ.

ಕೆಲವರು ಬೆಂಚಿನ ಮೇಲೆ ಕೂತು ಅಂಗೈ ಕೆರೆದುಕೊಳ್ಳುತ್ತಿರುತ್ತಾರೆ, ಕೇಳಿದರೆ ‘ಏನಿಲ್ಲ’ ಅನ್ನುತ್ತಾರೆ. ಡೋಸ್ ಇಳಿಸಿಬಿಟ್ಟಾರು ಅನ್ನುವ ಚಿಂತೆ. ದಯವಿಟ್ಟು ಮುಚ್ಚಿಡಬೇಡಿ. ಅಂಗೈ ತುರಿಕೆಯೇ ಎಷ್ಟೋ ಸಲ ಮೊದಲ ಸೂಚನೆ.

ಸೂಜಿ ಹಾಕಿಸಿಕೊಂಡ ಮೇಲೆ ಇಲ್ಲೇ ಅರ್ಧ ಗಂಟೆ ಕೂರುವ ನಿಯಮ ಬದಲಾಗಿಲ್ಲ. ಆಳಂದ, ಜೇವರ್ಗಿ ಬಸ್ಸಿನ ಅವಸರ ನಮಗೂ ಗೊತ್ತು. ಆದರೆ ಜೋರಾದ ರಿಯಾಕ್ಷನ್ ಹೆಚ್ಚಾಗಿ ಬರುವುದು ಈ 30 ನಿಮಿಷದಲ್ಲೇ. ಬಸ್ಸಿನಲ್ಲಿ ಅಡ್ರಿನಲಿನ್ ಯಾರ ಹತ್ತಿರ ಇರುತ್ತದೆ? ಬಸ್ಸಿನ ಟೈಮು ಮೊದಲೇ ಹೇಳಿ, ನಿಮ್ಮ ಪಾಳಿ ಮುಂಚೆ ಹಾಕುತ್ತೇವೆ.

ತೊಗರಿ ರಾಶಿಯ ಧೂಳು ಕುಡಿದು ದಮ್ಮು ಎದ್ದಿದ್ದರೆ ಅವತ್ತು ಸೂಜಿ ಇಲ್ಲ. ಬಿಪಿಗೆ ಹೊಸ ಮಾತ್ರೆ ಶುರು ಮಾಡಿದ್ದರೆ ಚೀಟಿ ತನ್ನಿ. ಬಿಪಿ ಮಾತ್ರೆಗಳಲ್ಲೇ ಒಂದು ಬಗೆಯಾದ ಬೀಟಾ ಬ್ಲಾಕರ್ ತಗೊಳ್ಳುವವರಿಗೆ ಅಡ್ರಿನಲಿನ್ ಸರಿಯಾಗಿ ಹಿಡಿಯದೇ ಹೋಗಬಹುದು.

ಹಳೆಯ ಕಾರ್ಡು ಎಸೆಯಬೇಡಿ, ಹೊಸದರ ಜತೆ ಪಿನ್ ಮಾಡಿ ಕೊಡುತ್ತೇವೆ. ಫೀಸು ಮೊದಲಿನಷ್ಟೇ.

ಇಂತಿ,
ಕ್ಲಿನಿಕ್ಕಿನ ಸಿಬ್ಬಂದಿ, ಕಲಬುರಗಿ