ನಿಮ್ಮವ್ವನನ್ನು ಕೂರಿಸಿ ಇಡಬೇಡ

ದಾವಣಗೆರೆ

ಪ್ರೀತಿಯ ಸುಮಾಗೆ ಮಾವನ ಆಶೀರ್ವಾದಗಳು.

ಎಪ್ಪತ್ತಾಯಿತು ಅಂತ ನಿಮ್ಮವ್ವನಿಗೆ ನೀರಿನ ಬಿಂದಿಗೆಯನ್ನೂ ಮುಟ್ಟಲು ಬಿಡುತ್ತಿಲ್ಲವಂತೆ. ಅಕ್ಕನೇ ಫೋನಿನಲ್ಲಿ ಹೇಳಿದಳು, ಸ್ವಲ್ಪ ಜಂಬದಿಂದಲೇ. ನಿನ್ನ ಪ್ರೀತಿ ನನಗೆ ಗೊತ್ತು. ಆದರೆ ಈ ಉಪಚಾರದಲ್ಲಿ ಅವಳ ಕಾಲಿನ ಕಸುವು ಹೋಗುತ್ತದೆ.

ಮೂವತ್ತು ದಾಟಿದ ಮೇಲೆ ಹತ್ತು ವರ್ಷಕ್ಕೆ ಸುಮಾರು ಶೇ 3ರಿಂದ 8ರಷ್ಟು ಸ್ನಾಯು ಕರಗುತ್ತದೆ. ಅರವತ್ತರ ನಂತರ ಇನ್ನೂ ಜಾಸ್ತಿ. ಶಕ್ತಿ ಅದಕ್ಕಿಂತ ಬೇಗ ಇಳಿಯುತ್ತದೆ. ಹೆಚ್ಚು ಸೊರಗುವುದು ಸ್ನಾಯುವಿನಲ್ಲಿ ಚುರುಕಾಗಿ ಕೆಲಸ ಮಾಡುವ ಎಳೆಗಳು. ಬಚ್ಚಲಲ್ಲಿ ಕಾಲು ಜಾರಿದರೆ ಥಟ್ಟನೆ ಸಾವರಿಸಿಕೊಳ್ಳಲು ಅವೇ ಬೇಕು.

ಈ ವಯಸ್ಸಿಗೆ ಇನ್ನೇನು ಶಕ್ತಿ ಬರುತ್ತೆ ಅನ್ನಬೇಡ. ಅಮೆರಿಕದ ಬಾಸ್ಟನ್‌ನಲ್ಲಿ ತೊಂಬತ್ತರ ಆಸುಪಾಸಿನ ಕೆಲವರಿಂದ ಎಂಟು ವಾರ ಕಾಲಿನಲ್ಲಿ ಭಾರ ಎತ್ತಿಸಿದರು. 1990ರಲ್ಲಿ ಫಲಿತಾಂಶ ಪ್ರಕಟವಾಯಿತು. ಶಕ್ತಿ ಸರಾಸರಿ ಶೇ 174ರಷ್ಟು ಏರಿತ್ತು. ಬಿಟ್ಟು ನಾಲ್ಕು ವಾರಕ್ಕೆ ಮೂರನೇ ಒಂದು ಭಾಗ ಇಳಿದೂ ಹೋಗಿತ್ತು. ನನಗೆ ಈ ಎರಡನೇ ಮಾತೇ ಹೆಚ್ಚು ನಾಟಿತು, ಸುಮ್ಮನೆ ಕೂತರೆ ಬಂದ ಶಕ್ತಿಯೂ ಉಳಿಯುವುದಿಲ್ಲ.

ನೀನು ದಿನಾ ವಾಕಿಂಗ್ ಮಾಡ್ತೀಯ, ಹೃದಯಕ್ಕೂ ಶುಗರ್‌ಗೂ ಒಳ್ಳೆಯದೇ. ಇಲ್ಲಿ ಕುಂದವಾಡ ಕೆರೆ ಹತ್ತಿರವೂ ಬೆಳಿಗ್ಗೆ ಜನವೋ ಜನ. ಆದರೆ ಬರೀ ನಡಿಗೆ ಸಾಲದು. ವಾರಕ್ಕೆ ಎರಡು ದಿನವಾದರೂ ಸ್ನಾಯುವಿಗೆ ಭಾರದ ಕೆಲಸ ಕೊಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ನಮ್ಮೂರಿನ ಗರಡಿ ಮನೆಯ ಪೈಲ್ವಾನರು ಬಸ್ಕಿ ಹೊಡೆಯುತ್ತಿದ್ದದ್ದು ಸುಮ್ನೆ ಅಲ್ಲ. (ನಾವು ಮೇಷ್ಟ್ರುಗಳು ಅದನ್ನೇ ಶಿಕ್ಷೆ ಮಾಡಿಬಿಟ್ಟೆವು!)

ಅಕ್ಕನಿಗೆ ಕುರ್ಚಿಯಿಂದ ಏಳುವುದು, ಕೂರುವುದು ಸಾಕು, ಒಂದು ಸರದಿಗೆ ಎಂಟು ಹತ್ತು ಸಲ. ಮೊದಲು ಕೈ ಊರಲಿ. ಆಮೇಲೆ ಊರದೆ ಏಳಲಿ. ಅದೂ ಸಲೀಸಾದರೆ ಕೈಯಲ್ಲಿ ನೀರಿನ ಬಾಟಲಿ ಹಿಡಿಯಲಿ. ಸ್ವಲ್ಪ ಕಷ್ಟ ಅನ್ನಿಸದಿದ್ದರೆ ಸ್ನಾಯು ಗಟ್ಟಿಯಾಗುವುದಿಲ್ಲ. ನಿನಗೂ ನಲವತ್ತಾಯಿತಲ್ವಾ, ಜೊತೆಗೆ ನೀನೂ ಮಾಡು.

ರಾತ್ರಿ ಬರೀ ಅನ್ನ-ತಿಳಿಸಾರು ಬೇಡ. ಕಾಳು, ಬೇಳೆ, ಮೊಸರು ಇರಲಿ. ಐವತ್ತು ಕಿಲೋ ತೂಕದವರಿಗೆ ಈ ವಯಸ್ಸಿನಲ್ಲಿ ದಿನಕ್ಕೆ 50ರಿಂದ 60 ಗ್ರಾಂ ಪ್ರೋಟೀನ್ ಬೇಕು. ಕಿಡ್ನಿ ತೊಂದರೆ ಇದ್ದರೆ ಮಾತ್ರ ಡಾಕ್ಟರನ್ನು ಕೇಳಿಯೇ ಹೆಚ್ಚಿಸು.

ಅಕ್ಕನಿಗೆ ಬಿಪಿ ಇದೆ. ಏಳುವಾಗ ಉಸಿರು ಬಿಗಿಹಿಡಿಯಬಾರದು, ಬಿಡುತ್ತಾ ಏಳಬೇಕು. ಎದೆ ಹಿಡಿದರೆ, ತಲೆ ಸುತ್ತಿದರೆ ಅಲ್ಲಿಗೇ ನಿಲ್ಲಿಸಿ. ಕುರ್ಚಿ ಗೋಡೆಗೆ ತಾಗಿಸಿ ಇಡು. ಪ್ಲಾಸ್ಟಿಕ್ ಕುರ್ಚಿ ಬೇಡ, ಜಾರುತ್ತದೆ.

ನಿನ್ನ ಸೋದರಮಾವ