ಬಿಗಿಯಾದ ರೌಟರ್ ಲಿಫ್ಟ್‌ಗೆ ಎಣ್ಣೆ ಮದ್ದಲ್ಲ

ಮಾನ್ಯ ಸಂಪಾದಕರೇ,

ಎಂಡಿಎಫ್ (ಮರದ ನಾರನ್ನು ಅಂಟಿನೊಡನೆ ಒತ್ತಿ ಮಾಡಿದ ಹಲಗೆ) ಕೆಲಸ ಹೆಚ್ಚಿರುವ ಮರಗೆಲಸದ ಶೆಡ್‌ಗಳಲ್ಲಿ ರೌಟರ್ ಲಿಫ್ಟ್ (ಮರ ಕೊರೆಯುವ ರೌಟರ್ ಯಂತ್ರವನ್ನು ಮೇಜಿನಡಿಯಲ್ಲಿ ಸ್ಕ್ರೂ ತಿರುಗಿಸಿ ಏರಿಳಿಸುವ ಸಾಧನ) ಕೈಕೊಡುವುದು ಮಾಮೂಲು. ಹಿಡಿಕೆ ಬಿಗಿಯಾದೊಡನೆ ಎಂಜಿನ್ ಆಯಿಲ್ ಸುರಿಯುವುದೇ ಮೊದಲ ತಪ್ಪು. ಹಿಟ್ಟಿನಂಥ ಧೂಳು ಎಣ್ಣೆಗೆ ಕಲೆತು, ಸ್ಕ್ರೂ ಥ್ರೆಡ್‌ನಲ್ಲಿ ಕಪ್ಪು ಮುದ್ದೆಯಾಗಿ ಕೂರುತ್ತದೆ. ಆಮೇಲೆ ಡ್ರಿಲ್ ಸಿಕ್ಕಿಸಿ ಬಲವಂತವಾಗಿ ತಿರುಗಿಸಿದರೆ ನಟ್‌ನ ಥ್ರೆಡ್ಡೇ ಕಿತ್ತುಹೋಗುತ್ತದೆ.

ಮೊದಲು ಪ್ಲಗ್ ಕೀಳಿ. ಎತ್ತರದ ಲಾಕ್ ಬಿಚ್ಚಿದ್ದೀರಾ ನೋಡಿಕೊಳ್ಳಿ (ಎಷ್ಟೋ ‘ರಿಪೇರಿ’ ಇಲ್ಲಿಗೇ ಮುಗಿಯುತ್ತದೆ). ಮೋಟರ್ ಹೊರತೆಗೆದು, ಹಳೆಯ ಟೂತ್‌ಬ್ರಷ್‌ನಿಂದ ಥ್ರೆಡ್ ಮತ್ತು ಗೈಡ್ ಕಂಬಗಳನ್ನು ಉಜ್ಜಿ, ವ್ಯಾಕ್ಯೂಮ್ ಹಿಡಿಯಿರಿ. ಕಂಪ್ರೆಸರ್ ಗಾಳಿ ಬೇಡ, ಧೂಳು ಬೇರಿಂಗ್‌ನೊಳಗೆ ನುಗ್ಗುತ್ತದೆ. ಜಿಡ್ಡಿದ್ದರೆ ಟರ್ಪೆಂಟೈನ್ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಿದ ಮೇಲೆ ಪಿಟಿಎಫ್‌ಇ (ಟೆಫ್ಲಾನ್) ಡ್ರೈ ಸ್ಪ್ರೇಯನ್ನು ತೆಳುವಾಗಿ ಹೊಡೆಯಿರಿ.

ಎತ್ತರದ ಅಳತೆ ತಪ್ಪುತ್ತಿದ್ದರೆ ತಕ್ಷಣ ನಟ್ ಬದಲಿಸಬೇಡಿ. ಬಿಟ್ಟನ್ನು (ಮರ ಕೊರೆಯುವ ಅಲಗನ್ನು) ಅರ್ಧ ಸುತ್ತು ಹೆಚ್ಚು ಇಳಿಸಿ, ಮತ್ತೆ ಮೇಲೆತ್ತುತ್ತಲೇ ಅಳತೆಗೆ ನಿಲ್ಲಿಸಿ, ಲಾಕ್ ಮಾಡಿ. ಥ್ರೆಡ್‌ನ ಸಡಿಲು ತುಂಬಿಕೊಳ್ಳುತ್ತದೆ. ಕೆಲಸದ ನಡುವೆ ಬಿಟ್ ಜಾರಿದರೆ ಅನುಮಾನಿಸಬೇಕಾದ್ದು ಕಾಲೆಟ್ಟನ್ನು, ಅಂದರೆ ಬಿಟ್ ಹಿಡಿದಿಡುವ ಸೀಳುಳ್ಳ ಹಿಡಿಕವನ್ನು. ಅದರ ಸೀಳುಗಳ ಅಂಟು ತೆಗೆದು, ಬಿಟ್ಟನ್ನು ತಳ ಮುಟ್ಟಿಸಿ, 3 ಮಿ.ಮೀ. ಮೇಲೆಳೆದು ಬಿಗಿಯಿರಿ. ಕಾಲೆಟ್ ಸವೆದಿದ್ದರೆ ಹೊಸದನ್ನೇ ಹಾಕಿ.

– ಓರ್ವ ಮರಗೆಲಸಗಾರ, ಶಿವಮೊಗ್ಗ